ಅಕ್ಕನ ಕಾಲಿಗೊಂದು ಜೊತೆ ಚಪ್ಪಲಿ

ಚಪ್ಪಲಿ ಕೊಳ್ಳಲು ಹೊರಟ ಹೆಂಗಸು ಸೀರೆಯ ಬಣ್ಣವನ್ನು ನೆನಪಿನಲ್ಲಿಟ್ಟುಕೊಂಡು ಹೋಗುತ್ತಾಳೆ. ಕಾಲನ್ನು ಮರೆತು ಹೋಗುತ್ತಾಳೆ. ಇದು ಊಹೆಯಲ್ಲ, ಮತ್ತೆ ಮತ್ತೆ ಕಂಡದ್ದು. ಗೌರಿಬಿದನೂರು, ಚಿಂತಾಮಣಿ, ಕೊನೆಗೆ ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಉಳಿದ ಶಿಕ್ಷಕಿಯರು ಮಕ್ಕಳ ಮುಖ ನೋಡಿ ಪಾಠ ಮಾಡಿದರು. ನಾನು ಕಾಲು ನೋಡಿ ಮಾಡಿದೆ. ಮುಖ ಸುಳ್ಳು ಹೇಳಬಲ್ಲದು. ಕುಂಟುವ ಕಾಲು ಹೇಳಲಾರದು.

ನಿವೃತ್ತಿಯೊಂದಿಗೆ ಈ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನ ಅಕ್ಕ ಶಿಡ್ಲಘಟ್ಟದಲ್ಲಿದ್ದಾಳೆ. ಹಳೆಯ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಎಡಗಾಲಿನ ಒಂದು ಬೆರಳನ್ನು ಈಗಾಗಲೇ ತೆಗೆದಿದ್ದಾರೆ. "ಇನ್ನೊಂದು ಗಾಯವಾದರೆ ಅದು ಬೆರಳಿಗೆ ನಿಲ್ಲುವುದಿಲ್ಲ, ಪಾದಕ್ಕೇ ಬರುತ್ತದೆ" ಎಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಆ ಪಾದವನ್ನು ಉಳಿಸಬಲ್ಲದ್ದು ಸರಿಯಾದ ಒಂದು ಜೊತೆ ಚಪ್ಪಲಿ. ಅದನ್ನು ಆರಿಸುವುದು, ಅಕ್ಕನಿಗೆ ಹಾಕಿಸುವುದು ನನ್ನ ಹೊಣೆಯಾಯಿತು. ಈ ಹೊಣೆಯ ನಡುವೆ ಘಟಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಓದುವವರಿಗೆ ನಗು ಬಂದರೆ ನಗಬಹುದು. ನನಗೆ ಬಂದದ್ದು ಕಡಿಮೆ.

೧. ಸಾಲು

ಮೊದಲು ಸೇವೆಯ ಕಾಲದ ಒಂದು ಪ್ರಸಂಗ. ಕಾಲಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಎಷ್ಟನ್ನು ಸಹಿಸುತ್ತಾರೆಂಬುದು ನನಗೆ ತಿಳಿದದ್ದು ಅಲ್ಲಿ.

ಗೌರಿಬಿದನೂರಿನ ಶಾಲೆಗೆ ನಗರಗೆರೆ ಕಡೆಯಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ಇಬ್ಬರು ಅಕ್ಕತಂಗಿಯರು ಬರುತ್ತಿದ್ದರು. ಸ್ವಾತಂತ್ರ್ಯ ದಿನಾಚರಣೆಗೆ ಕವಾಯತಿನ ಅಭ್ಯಾಸ ನಡೆದಿತ್ತು. ಚಿಕ್ಕವಳು ಸಾಲಿನಲ್ಲಿ ವಾಲುತ್ತ ಬಂದಳು. ನಿಲ್ಲಿಸಿ ಕಾಲು ನೋಡಿದೆ. ಎರಡೂ ಎಡಗಾಲಿನ ಚಪ್ಪಲಿ.

"ಬಲಗಾಲಿನದು ಎಲ್ಲಮ್ಮ?"

"ಅಕ್ಕ ಹಾಕ್ಕೊಂಡಿದಾಳೆ ಮೇಡಮ್. ಮನೇಲಿ ಕರೆಂಟ್ ಇರಲಿಲ್ಲ, ಬದಲಾಗೋಯ್ತು."

ಮುಂದಿನ ಸಾಲಿನಲ್ಲಿ ಅಕ್ಕ ಇದ್ದಳು. ಅದೇ ಬಣ್ಣ, ಅದೇ ಮಾದರಿ, ಎರಡೂ ಬಲಗಾಲಿನವು. ಅವಳು ಆ ಕಡೆಗೆ ವಾಲುತ್ತಿದ್ದಳು.

"ಬಸ್ಸಿನಲ್ಲೇ ಬದಲಾಯಿಸಿಕೊಳ್ಳಬಹುದಿತ್ತಲ್ಲ?"

"ರಶ್ಶು ಮೇಡಮ್. ಬಗ್ಗೋಕಾಗ್ಲಿಲ್ಲ."

"ಇಲ್ಲಿಗೆ ಬಂದ ಮೇಲೆ?"

ಚಿಕ್ಕವಳು ತಲೆ ತಗ್ಗಿಸಿದಳು. "ಸಾಲು ಬಿಟ್ಟು ಆಚೀಚೆ ಹೋಗ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮೇಡಮ್."

ಇಬ್ಬರ ಹೆಬ್ಬೆರಳ ಬುಡದಲ್ಲೂ ಬೊಬ್ಬೆ ಎದ್ದು ಒಡೆದಿತ್ತು. ಸಾಲು ಮಾತ್ರ ನೇರವಾಗಿತ್ತು.

೨. ಉಂಗುರದ ಬೆರಳು

ಅಕ್ಕನ ಬೆರಳು ಹೋದ ಬಗೆಯನ್ನು ಹೇಳಬೇಕು.

ನೆಂಟರೊಬ್ಬರ ಮನೆಯ ಮದುವೆ ಗೌರಿಬಿದನೂರಿನಲ್ಲಿ. ಅಕ್ಕ ಸೀರೆಗೆ ಒಪ್ಪುವ ಚಪ್ಪಲಿ ಕೊಂಡಳು. ಮೆರೂನು ಬಣ್ಣ, ಮಣಿಗಳ ಸಾಲು, ಮುಂಭಾಗ ಚೂಪು. ಕಾಲಿನ ಅರ್ಧ ಅಗಲಕ್ಕೆ ಮಾತ್ರ ಅದರಲ್ಲಿ ಜಾಗವಿತ್ತು. ನಾನು ಆಕ್ಷೇಪಿಸಿದೆ.

"ಮದುವೆಗೆ ಮಾತ್ರ ಕಣೇ" ಎಂದಳು ಅಕ್ಕ. "ಛತ್ರದ ಬಾಗಿಲಲ್ಲಿ ಹೆಂಗೂ ಬಿಚ್ಚಿಬಿಡ್ತೀವಲ್ಲ."

ಚಪ್ಪಲಿಯ ಪಟ್ಟಿ ಕಾಲುಂಗುರದ ಮೇಲೆ ಬಿಗಿಯಾಗಿ ಕೂತಿತು. ಉಂಗುರ ಬೆರಳಿನೊಳಗೆ ಇಳಿಯಿತು. ಬೇರೆಯವರಾಗಿದ್ದರೆ ಬಸ್ ನಿಲ್ದಾಣ ತಲುಪುವ ಮುನ್ನ ಬಿಚ್ಚಿ ಎಸೆಯುತ್ತಿದ್ದರು. ಅಕ್ಕನಿಗೆ ನೋವು ತಿಳಿಯುವುದಿಲ್ಲ. ಮದುವೆ ಮುಗಿಸಿ ಮನೆಗೆ ಹೋದಳು. ಮರುದಿನ ನೆಲದ ಮೇಲೆ ಅಲ್ಲಲ್ಲಿ ಕೆಂಪು ಗುರುತು ಕಂಡು, ಕುಂಕುಮ ಚೆಲ್ಲಿದೆ ಎಂದುಕೊಂಡು ನನ್ನ ಭಾವ ಒದ್ದೆ ಬಟ್ಟೆಯಿಂದ ಒರೆಸಿದರು. ಹೀಗೆ ದಿನವೂ ಒರೆಸುತ್ತಲೇ ಇದ್ದರು. ನಾನು ಹೋಗಿ ನೋಡುವಷ್ಟರಲ್ಲಿ ಬೆರಳು ಕಪ್ಪಾಗಿತ್ತು.

ಶಸ್ತ್ರಚಿಕಿತ್ಸೆಯ ಮರುದಿನ ಅಕ್ಕ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಉಂಗುರ ಎಲ್ಲಿ?"

"ಅಕ್ಕಾ, ಬೆರಳನ್ನೇ ತೆಗೆದಿದ್ದಾರೆ" ಎಂದೆ.

"ಅದು ಗೊತ್ತು. ಉಂಗುರ ಎಲ್ಲಿ ಅಂದೆ."

ಭಾವ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಪಕ್ಕದ ಬೆರಳಿಗೆ ಹಾಕಿ ಎಂದಳು ಅಕ್ಕ. ಕಟ್ಟು ಬಿಚ್ಚುವಂತಿಲ್ಲ ಎಂದರು ನರ್ಸ್. ಅಕ್ಕ ಅಳತೊಡಗಿದಳು. "ಇವರು ಕಣ್ಣ ಮುಂದೆ ಇರೋವಾಗ್ಲೇ ಕಾಲು ಬೋಳಾಯ್ತಲ್ಲ!"

ಭಾವ ಮಂಚದ ಹತ್ತಿರ ಬಗ್ಗಿ ಸಮಾಧಾನ ಹೇಳಿದರು.

"ಅಳಬೇಡ. ಬಲಗಾಲಿಂದು ಹಂಗೇ ಇದೆಯಲ್ಲ. ಅರ್ಧ ಇದೀನಿ ಅಂದ್ಕೋ."

೩. ಕಡ್ಡಿಯಳತೆ

ಗಾಯ ಮಾಯುವವರೆಗೆ ಅಕ್ಕ ಪ್ರಯಾಣ ಮಾಡುವಂತಿರಲಿಲ್ಲ. ಅಳತೆ ತೆಗೆದು ತರುವಂತೆ ಭಾವನಿಗೆ ದೂರವಾಣಿಯಲ್ಲಿ ಕ್ರಮವಾಗಿ ಸೂಚನೆ ಕೊಟ್ಟೆ. ಸಂಜೆ ಕಾಲು ಸ್ವಲ್ಪ ಊದಿಕೊಳ್ಳುತ್ತದೆ, ಆಗಲೇ ಅಳೆಯಬೇಕು. ಕೂರಿಸಿ ಅಳೆಯಬಾರದು, ನಿಂತಾಗ ಪಾದ ಅಗಲವಾಗುತ್ತದೆ. ಕಾಲ ಕೆಳಗೆ ಹಾಳೆಯಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಎರಡೂ ಕಾಲಿಗೆ ಬೇರೆ ಬೇರೆ ಹಾಳೆ.

"ಆಗ್ಲಮ್ಮ, ಎಲ್ಲ ತಿಳೀತು" ಎಂದರು ಭಾವ.

ಮಾರನೆಯ ದಿನ ಚಿಕ್ಕಬಳ್ಳಾಪುರದ ಚಪ್ಪಲಿ ಅಂಗಡಿಯ ಮುಂದೆ ನನಗೆ ಎದುರಾದರು. ಕೈಯಲ್ಲಿ ಹಾಳೆ ಇರಲಿಲ್ಲ. ಜೇಬಿನಿಂದ ಒಂದು ಪೊರಕೆ ಕಡ್ಡಿ ಹೊರಗೆ ಇಣುಕುತ್ತಿತ್ತು.

"ಹಾಳೆ ಎಲ್ಲಿ ಭಾವ?"

"ಹಾಳೆ ಯಾಕಮ್ಮ? ನಮ್ಮಪ್ಪ ಇಡೀ ಮನೆಗೆ ಕಡ್ಡೀಲೇ ಅಳತೆ ತಂದು ಚಪ್ಪಲಿ ಕೊಡಿಸ್ತಿದ್ರು. ಒಂದು ದಿನಾನೂ ವಾಪಸ್ ಕೊಟ್ಟಿಲ್ಲ."

ಅಂಗಡಿಯವರು ಕಡ್ಡಿಯನ್ನು ಗೌರವದಿಂದ ಸ್ವೀಕರಿಸಿದರು. ಅವರಿಗೆ ಇದು ಹೊಸದಲ್ಲ. ನಾನು ಕಡ್ಡಿಯನ್ನು ನನ್ನ ಪಾದಕ್ಕೆ ಹಿಡಿದು ನೋಡಿದೆ. ನನ್ನ ಪಾದಕ್ಕಿಂತ ಗಿಡ್ಡವಾಗಿತ್ತು. ಅಕ್ಕನ ಪಾದ ನನ್ನದಕ್ಕಿಂತ ದೊಡ್ಡದು.

"ಯಾವ ಕಾಲು ಅಳೆದಿರಿ?"

"ಕಾಲಲ್ಲಮ್ಮ. ಹಳೇ ಚಪ್ಪಲಿ ಅಳೆದೆ."

"ಯಾವ ಹಳೇ ಚಪ್ಪಲಿ?"

"ಅದೇ, ಮದುವೆಗೆ ತಗೊಂಡಿದ್ದು. ಮೆರೂನ್ ಕಲರ್‍ದು."

ಬೆರಳನ್ನು ತಿಂದ ಚಪ್ಪಲಿಯನ್ನೇ ಅಳೆದು ತಂದಿದ್ದರು. ಕಾಲನ್ನೇ ಏಕೆ ಅಳೆಯಲಿಲ್ಲವೆಂದು ಕೇಳಿದೆ. ಭಾವ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು.

"ನಾನು ಹೋಗಿ ಅವಳ ಕಾಲು ಹಿಡೀಲಾ? ಗಂಡ ಕಣಮ್ಮ ನಾನು."

ಅಂಗಡಿಯವರು ತಲೆದೂಗಿದರು. ಅಷ್ಟು ಕಾಲ ಆ ಗಾಯ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆಂಬುದು ನನಗೆ ಆಗ ಸ್ಪಷ್ಟವಾಯಿತು. ಮನೆಯಲ್ಲಿರುವವರು ಇಬ್ಬರೇ. ಒಬ್ಬಳಿಗೆ ಬಗ್ಗಿ ಅಂಗಾಲು ನೋಡಿಕೊಳ್ಳಲು ಸೊಂಟ ಬಗ್ಗದು. ಇನ್ನೊಬ್ಬರಿಗೆ ಗಂಡಸ್ತನ ಬಗ್ಗದು.

ಕಡ್ಡಿಯನ್ನು ಎರಡು ತುಂಡು ಮಾಡಿ ಚರಂಡಿಗೆ ಹಾಕಿದೆ.

"ಅಯ್ಯೋ, ಈಗ ಅಳತೆಗೆ ಏನಮ್ಮ ಮಾಡೋದು?" ಎಂದರು ಭಾವ.

೪. ಕಚ್ಚುವುದಿಲ್ಲ

ಗಾಯ ಮಾಯಿತು. ಅಕ್ಕನನ್ನೇ ಕರೆದುಕೊಂಡು ಚಿಂತಾಮಣಿಗೆ ಹೋದೆ. ಅಲ್ಲಿ ಒಂದು ಅಂಗಡಿಯಲ್ಲಿ ಅಗಲ ಪಾದಕ್ಕೆ ಹೊಂದುವ ಮಾಲು ಸಿಗುತ್ತದೆಂದು ಸೇವೆಯ ದಿನಗಳಿಂದ ಬಲ್ಲೆ. ಸಂಜೆಯ ಹೊತ್ತನ್ನೇ ಆರಿಸಿದ್ದೆ.

ನನ್ನ ಬೇಡಿಕೆಗಳನ್ನು ಅಂಗಡಿಯವರ ಮುಂದಿಟ್ಟೆ. ಬೆರಳ ಸಂದಿಗೆ ಪಟ್ಟಿ ಬರಬಾರದು. ಹಿಮ್ಮಡಿಯನ್ನು ಹಿಡಿಯುವ ಪಟ್ಟಿ ಇರಬೇಕು. ಅಟ್ಟೆ ದಪ್ಪವಾಗಿರಬೇಕು, ಎತ್ತರವಾಗಿರಬಾರದು. ಒಳಗೆ ಹೊಲಿಗೆಯ ಗಂಟು ಕೈಗೆ ತಾಗಬಾರದು. ಬೆರಳುಗಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿಯಬೇಕು.

ಅವರು ಕೇಳಿಸಿಕೊಂಡು, ಚೂಪು ಮುಂಭಾಗದ ಒಂದು ಜೊತೆ ತೆಗೆದರು. ಬಿಗಿಯಾಯಿತೆಂದೆ.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತಮ್ಮಾ."

ಇನ್ನೊಂದು ತೆಗೆದರು. ಸಡಿಲವಾಯಿತೆಂದೆ.

"ಹಾಕ್ತಾ ಹಾಕ್ತಾ ಕಾಲಿಗೆ ಕೂತ್ಕೊಳುತ್ತಮ್ಮಾ."

ಚಪ್ಪಲಿಗೆ ಅಷ್ಟು ಬುದ್ಧಿಯಿದ್ದರೆ ಅಂಗಡಿಗೆ ಬರುವ ಅಗತ್ಯವೇ ಇರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಅಕ್ಕ. ಯಾವ ಜೊತೆ ಹಾಕಿದರೂ ಅವಳ ಉತ್ತರ ಒಂದೇ. "ಏನೂ ಕಚ್ಚಲ್ಲ ಕಣೇ. ಹತ್ತಿ ಮೇಲೆ ನಿಂತ ಹಂಗಿದೆ." ಬಿಗಿಯಾದದ್ದೂ ಹತ್ತಿ, ಸಡಿಲವಾದದ್ದೂ ಹತ್ತಿ. ಅಂಗಡಿಯವರಿಗೆ ಅವಳ ಮೇಲೆ ಬಹಳ ಅಭಿಮಾನ ಬಂತು. "ಚೂಡಂಡಮ್ಮಾ, ಹಾಕ್ಕೊಳೋರೇ ಚೆನ್ನಾಗಿದೆ ಅಂತಾವ್ರೆ, ನೀವು ಬೇಡ ಅಂತೀರಲ್ಲ!" ಎಂದು ತೆಲುಗು ಬೆರೆಸಿ ನನ್ನನ್ನೇ ದೂರಿದರು.

ಒಂದು ಕಪ್ಪು ಜೊತೆಯನ್ನು ಅಕ್ಕ ವಿಶೇಷವಾಗಿ ಮೆಚ್ಚಿದಳು. ಬಾಗಿಲವರೆಗೆ ನಡೆದು ಬಾ ಎಂದೆ. ಬೇಡ ಎಂದಳು, ಕೊಳ್ಳದೆ ನಡೆದರೆ ಅವರ ಮಾಲು ಸವೆಯುತ್ತದೆಂಬ ಮರುಕ. ನಡೆಯಲೇಬೇಕೆಂದೆ. ನಡೆದಳು. ತಿರುಗಿ ಬಂದು, "ಇಷ್ಟು ವರ್ಷದಲ್ಲಿ ಇಷ್ಟು ಸುಖವಾದ ಚಪ್ಪಲಿ ನಾನು ಹಾಕೇ ಇಲ್ಲ. ಇದೇ ಇರ್ಲಿ" ಎಂದಳು.

ಬಿಚ್ಚಿಸಿ ಒಳಗೆ ಕೈ ಹಾಕಿದೆ. ತೇವ ಹೀರಲು ಕಂಪನಿಯವರು ಇಡುವ ಪೊಟ್ಟಣ ಹಿಮ್ಮಡಿಯ ಕೆಳಗೆ ಸಿಕ್ಕಿಕೊಂಡಿತ್ತು. ಬೆಲೆಚೀಟಿಯ ಪ್ಲಾಸ್ಟಿಕ್ ಮೊಳೆ ಮೇಲ್ಮುಖವಾಗಿ ನಿಂತಿತ್ತು. ಎರಡನ್ನೂ ಅಂಗೈಯಲ್ಲಿಟ್ಟು ಅಕ್ಕನಿಗೆ ತೋರಿಸಿದೆ. ಅವಳ ಪಾದದಲ್ಲಿ ಅವೆರಡರ ಅಚ್ಚು ಮೂಡಿತ್ತು. ಚರ್ಮ ಒಡೆದಿರಲಿಲ್ಲ, ಅಷ್ಟೇ ಪುಣ್ಯ.

ಅಕ್ಕ ಕನ್ನಡಕ ಸರಿಮಾಡಿಕೊಂಡು ಪರೀಕ್ಷಿಸಿದಳು.

"ಇವೆಲ್ಲ ಇದ್ರೂ ಇಷ್ಟು ಮೆತ್ತಗಿತ್ತಾ! ತೆಗೆದ ಮೇಲೆ ಇನ್ನೆಷ್ಟು ಚೆನ್ನಾಗಿರುತ್ತೋ ನೋಡೇ!"

ಆ ಬಳಿಕ ಅವಳನ್ನು ಏನೂ ಕೇಳಲಿಲ್ಲ. ಅವಳ ಪಾದದ ಗೆರೆಯನ್ನು ಅಂಗಡಿಯ ರಟ್ಟಿನ ಮೇಲೆ ನಾನೇ ಎಳೆದೆ. ಪ್ರತಿ ಜೊತೆಯೊಳಗೂ ನನ್ನ ಬೆರಳುಗಳೇ ನಡೆದು ನೋಡಿದವು. ಕೊನೆಗೆ ವೆಲ್ಕ್ರೋ ಪಟ್ಟಿಯ, ಅಗಲ ಮುಂಭಾಗದ, ಬೂದು ಬಣ್ಣದ ಜೊತೆಯೊಂದು ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು.

೫. ಜೋಪಾನ

ಚಪ್ಪಲಿ ಸಿಕ್ಕಿದ ಮೇಲೆ ಚಿಂತೆ ತೀರಿತೆಂದುಕೊಂಡಿದ್ದೆ.

ಮಂಚೇನಹಳ್ಳಿಯಲ್ಲಿ ಒಂದು ನಾಮಕರಣ. ನಾನು ಮೊದಲೇ ತಲುಪಿ ಬಾಗಿಲಲ್ಲಿ ನಿಂತಿದ್ದೆ. ಬೇಸಿಗೆಯ ನಡುಹಗಲು. ಬಸ್ ನಿಲ್ದಾಣದ ಕಡೆಯಿಂದ ಅಕ್ಕ ನಡೆದು ಬರುತ್ತಿದ್ದಳು. ರಸ್ತೆಗೆ ಜಲ್ಲಿ ಸುರಿದು ಟಾರು ಹಾಕುತ್ತಿದ್ದರು. ಅಕ್ಕನ ಕಾಲು ಬರಿದಾಗಿತ್ತು. ಎದೆಗೆ ಒಂದು ಪ್ಲಾಸ್ಟಿಕ್ ಕವರನ್ನು ಅವಚಿಕೊಂಡಿದ್ದಳು.

"ಚಪ್ಪಲಿ ಎಲ್ಲಿ ಅಕ್ಕಾ?"

ಹೆಮ್ಮೆಯಿಂದ ಕವರನ್ನು ತಟ್ಟಿ ತೋರಿಸಿದಳು. "ನೀನು ಅಷ್ಟು ಕಷ್ಟಪಟ್ಟು ಹುಡುಕಿ ಕೊಡಿಸಿದ್ದು ಕಣೇ. ಬಾಗಿಲಲ್ಲಿ ಬಿಟ್ರೆ ಯಾರಾದ್ರೂ ಹಾಕ್ಕೊಂಡು ಹೋಗಲ್ವಾ?"

"ಬಾಗಿಲವರೆಗಾದರೂ ಹಾಕಿಕೊಳ್ಳಬಹುದಿತ್ತಲ್ಲ?"

"ಟಾರು ಮೆತ್ಕೊಂಡ್ರೆ?"

ಟಾರು ಮೆತ್ತಿಕೊಂಡಿತ್ತು. ಅಕ್ಕನ ಅಂಗಾಲಿಗೆ. ಮನೆಯ ಹಿಂದಿನ ನಲ್ಲಿಯ ಬಳಿ ಕೂರಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿದೆ. ಅಡಿಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಅವಳು ನೆಂಟರೊಂದಿಗೆ ಮಗುವಿನ ಹೆಸರಿನ ಬಗ್ಗೆ ಚರ್ಚಿಸುತ್ತ ಕುಳಿತಿದ್ದಳು. ಆ ಕಾಲು ತನ್ನದೇ ಎಂಬ ಸುಳಿವು ಅವಳ ಮುಖದಲ್ಲಿ ಇರಲಿಲ್ಲ. ವೈದ್ಯರ ಮಾತು ನನ್ನ ಕಿವಿಯಲ್ಲಿತ್ತು.

ಊಟಕ್ಕೆ ಕುಳಿತಾಗಲೂ ಕವರು ಅವಳ ತೊಡೆಯ ಮೇಲೆಯೇ ಇತ್ತು. ಪಲ್ಯ ಬಡಿಸಲು ಬಂದವರು, "ಎಲೆ ಹತ್ರ ಏನಮ್ಮ ಅದು? ಆ ಕಡೆ ಇಡ್ಲಾ?" ಎಂದರು.

ಅಕ್ಕ ಕವರನ್ನು ಸೆರಗಿನಿಂದ ಮುಚ್ಚಿದಳು.

"ಮುಟ್ಟಬೇಡಪ್ಪ. ಔಷಧಿ."

ಆ ಚಪ್ಪಲಿಯ ಬಗ್ಗೆ ಅವಳು ಆಡಿದ ಸರಿಯಾದ ಮಾತು ಅದೊಂದೇ.

೬. ಹೊಸ್ತಿಲಿನ ಒಳಗೆ

ಬೊಬ್ಬೆಗೆ ಕಟ್ಟು ಹಾಕಿದ ವೈದ್ಯರು ಈ ಸಲ ಅಕ್ಕನ ಎದುರೇ ಹೇಳಿದರು. ಈ ಬಾರಿ ಪಾದ ಉಳಿದಿದೆ. ಇನ್ನು ಮೇಲೆ ಬರಿಗಾಲು ನೆಲ ಮುಟ್ಟಬಾರದು. ಮನೆಯೊಳಗೂ.

"ಅಡಿಗೆಮನೇಲೂನಾ?" ಅಕ್ಕ ಕೇಳಿದಳು.

"ಅಡಿಗೆಮನೇಲೂ."

"ದೇವರ ಕೋಣೆ ಮುಂದೆ?"

ವೈದ್ಯರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸ್ತಿಲಿನಾಚೆಯ ವಸ್ತು. ನಾನೂ ನನ್ನ ಆಯುಷ್ಯದಲ್ಲಿ ಎಂದೂ ಅದನ್ನು ಒಳಗೆ ತಂದವಳಲ್ಲ. ಆದರೂ ಆಜ್ಞೆ ಆಜ್ಞೆಯೇ. ಮನೆಯೊಳಗಿನ ಬಳಕೆಗೆಂದು ಅದೇ ಮಾದರಿಯ ಹೊಸ ಜೊತೆ ತಂದು ಶಿಡ್ಲಘಟ್ಟಕ್ಕೆ ಮುಟ್ಟಿಸಿದೆ. ಅದು ಪೆಟ್ಟಿಗೆಯಲ್ಲೇ ಜಗುಲಿಯ ಮೇಲೆ ಕುಳಿತಿತ್ತು. ಅಕ್ಕ ಬರಿಗಾಲಿನಲ್ಲೇ ಓಡಾಡುತ್ತಿದ್ದಳು. ಗದರಿದೆ. ನನ್ನ ಒಂದು ಸೀಟಿಗೆ ಇಡೀ ಶಾಲೆ ನಿಲ್ಲುತ್ತಿತ್ತು, ಅಕ್ಕ ನಿಲ್ಲಲಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ಅವಳೇ ಫೋನ್ ಮಾಡಿದಳು. "ದಾರಿ ಸಿಕ್ತು ಕಣೇ. ಆಯುಧಪೂಜೇಲಿ ಸ್ಕೂಟರ್‌ಗೆ ಪೂಜೆ ಮಾಡ್ತೀವಿ. ಮಗ್ಗಕ್ಕೆ ಮಾಡ್ತೀವಿ. ಇದಕ್ಕೂ ಒಂದು ಪೂಜೆ ಮಾಡಿ ಒಳಗೆ ಕರ್ಕೊಂಡ್ರೆ ದೋಷ ಇಲ್ಲ. ನೀನೂ ಬಾ."

ತರ್ಕದಲ್ಲಿ ತಪ್ಪು ಕಾಣಲಿಲ್ಲ. ಮೊದಲ ಬಸ್ಸಿಗೆ ಹೋದೆ.

ಚಪ್ಪಲಿಗಳು ಅರಿಶಿನದ ನೀರಿನಲ್ಲಿ ಮಿಂದು ಮಣೆಯ ಮೇಲೆ ಕುಳಿತಿದ್ದವು. ಎರಡಕ್ಕೂ ಕುಂಕುಮ. ವೆಲ್ಕ್ರೋ ಪಟ್ಟಿಗೆ ಕನಕಾಂಬರ. ಊದಿನಕಡ್ಡಿ ಉರಿಯುತ್ತಿತ್ತು. ಅಕ್ಕ ಮಂಗಳಾರತಿ ಎತ್ತಿದಳು. ಹೆಂಡತಿಯ ಕಾಲನ್ನು ಮುಟ್ಟಲೊಲ್ಲದ ಭಾವ ಹೆಂಡತಿಯ ಚಪ್ಪಲಿಗೆ ಕಣ್ಣು ಮುಚ್ಚಿ ಕೈ ಮುಗಿದರು.

"ಸರಿ. ಈಗ ಹಾಕಿಕೋ" ಎಂದೆ.

ಅಕ್ಕ ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. "ಏನೇ ಮಾತಾಡ್ತೀಯ? ಮಂಗಳಾರತಿ ಎತ್ತಿದ್ದನ್ನ ತುಳೀಲಾ?"

"ಪೂಜೆ ಮಾಡಿದ ಸ್ಕೂಟರನ್ನು ಓಡಿಸುವುದಿಲ್ಲವೇ?"

"ಅದರ ಮೇಲೆ ಕೂತ್ಕೋತಾರೆ. ತುಳಿಯಲ್ಲ."

"ಕಿಕ್ ಹೊಡೆಯುತ್ತಾರಲ್ಲ, ಅದೇನು?"

"ಈಗಿನವಕ್ಕೆಲ್ಲ ಬಟನ್ನು" ಎಂದರು ಭಾವ, ಕಣ್ಣು ತೆರೆಯದೆ.

ಚಪ್ಪಲಿ ದೇವರ ಕೋಣೆಗೆ ಹೋಯಿತು. ಅಕ್ಕ ಬರಿಗಾಲಿನಲ್ಲಿ ಅದಕ್ಕೆ ದಿನವೂ ಹೂವಿಡುತ್ತಿದ್ದಾಳೆಂದು ತಿಳಿಯಿತು. ಹೂ ಇಡಲು ಹೋದಾಗ ಉದುರಿದ ಊದಿನಕಡ್ಡಿಯ ಕೆಂಡ ತುಳಿದು ಅವಳ ಹಿಮ್ಮಡಿ ಕಂದಿತ್ತೆಂಬುದು ನಾನು ಮುಂದಿನ ಸಲ ಹೋಗಿ ನೋಡಿದಾಗ ತಿಳಿಯಿತು. ಎಂದಿನಂತೆ ಅವಳಿಗೆ ತಿಳಿದಿರಲಿಲ್ಲ. ಆ ಜೊತೆಯನ್ನು ದೇವರ ಮುಂದಿನಿಂದ ಎಳೆದು ತರೋಣವೆಂದು ಹೋದೆ. ನನಗೂ ಕೈ ಬರಲಿಲ್ಲ.

ಅಲ್ಲಿಂದ ನೇರವಾಗಿ ಚಿಂತಾಮಣಿಗೆ ಹೋದೆ. ಮತ್ತೊಂದು ಜೊತೆ ತಂದೆ. ಈ ಸಲ ಪೆಟ್ಟಿಗೆಯನ್ನು ಅಕ್ಕನ ಕೈಗೆ ಕೊಡಲಿಲ್ಲ. ಜಗುಲಿಯಲ್ಲಿ ಕುಳಿತು ಚಪ್ಪಲಿಯನ್ನು ನನ್ನ ಕಾಲಿಗೆ ಹಾಕಿದೆ. ಪಟ್ಟಿ ಬಿಗಿದೆ. ಎದ್ದು ನಿಂತೆ. ಹೊಸ್ತಿಲು ದಾಟಿದೆ.

ಭಾವ ಕುರ್ಚಿಯಿಂದ ಎದ್ದರು. ಅಕ್ಕನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನಾನು ಯಾರನ್ನೂ ನೋಡಲಿಲ್ಲ. ಬೆನ್ನು ನೆಟ್ಟಗೆ, ದೃಷ್ಟಿ ಮುಂದಕ್ಕೆ. ನಡುಮನೆಯನ್ನು ದಾಟಿದೆ. ಅಡಿಗೆಮನೆಯನ್ನು ಸುತ್ತಿದೆ. ಹಿತ್ತಿಲಿಗೆ ಹೋಗಿ ಪಾಯಖಾನೆಯ ಬಾಗಿಲು ತೆರೆದು, ಒಳಗೆ ನಿಂತು, ಎಡಗಾಲು ಬಲಗಾಲು ಎರಡನ್ನೂ ನೆಲಕ್ಕೆ ಚೆನ್ನಾಗಿ ಒತ್ತಿ, ಅದೇ ದಾರಿಯಲ್ಲಿ ಹಿಂದಿರುಗಿದೆ. ಅಕ್ಕನ ಮುಂದೆ ನಿಂತು ಚಪ್ಪಲಿ ಬಿಚ್ಚಿದೆ.

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು.

"ಎಂಥಾ ಮೇಡಮ್ಮು ಕಣೇ ನೀನು! ಹೊಸಾದನ್ನ ಎಲ್ಲಿಗೆ ಹಾಕ್ಕೊಂಡು ಹೋಗ್ಬಿಟ್ಟೆ! ಒಂಚೂರು ಅರಿಶಿನ ಇಡೋಕೂ ಇಲ್ಲದ ಹಂಗೆ ಮಾಡಿದ್ಯಲ್ಲೇ. ಇನ್ನು ಇದು ಯಾತಕ್ಕೆ ಬರುತ್ತೆ?"

"ಕಾಲಿಗೆ" ಎಂದೆ.

ಹಾಕಿಕೊಂಡಳು.